ದೊಡ್ಡಪ್ಪನ ಮೋಟರು ಎರಡು ಸಲ ಸುಟ್ಟಿದ್ದು

ನಮ್ಮ ಮನೆಗೆ ಸುಟ್ಟ ಮೋಟರು ತಂದವರನ್ನು ಅಪ್ಪ ಕೂತುಕೊಳ್ಳಿ ಎನ್ನುವುದಕ್ಕೆ ಮೊದಲೇ ಸ್ಟಾರ್ಟರ್ ಯಾವುದು ಎಂದು ಕೇಳುತ್ತಿದ್ದ. ಬಂದವರು ಟ್ರ್ಯಾಕ್ಟರಿನಿಂದ ಅದನ್ನು ಇಳಿಸಿ ಟವೆಲ್ಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ, ಇದೇನಪ್ಪ, ಸತ್ತವನ ಮನೆಗೆ ಬಂದು ಅವನ ಚಪ್ಪಲಿ ವಿಚಾರಿಸುತ್ತಾನಲ್ಲ ಎನ್ನುವ ಹಾಗೆ ನೋಡುತ್ತಿದ್ದರು. ಅಪ್ಪ ಅದಕ್ಕೆಲ್ಲ ಸೊಪ್ಪು ಹಾಕುತ್ತಿರಲಿಲ್ಲ. ಮೋಟರಿನ ಮೈಮೇಲೆ ಕಂಪನಿಯವರು ಹೊಡೆದ ತಗಡು ಇರುತ್ತದಲ್ಲ, ಅದರ ಕೊಳೆಯನ್ನು ಹೆಬ್ಬೆರಳಿನಿಂದ ಉಜ್ಜಿ, ಎಷ್ಟು ಆಂಪಿಯರ್ ಎಂದು ಗಟ್ಟಿಯಾಗಿ ಓದುತ್ತಿದ್ದ. ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಎಂಬ ಅಂಗೈಯಗಲದ ಒಂದು ವಸ್ತು ಇರುತ್ತದೆ. ಮೋಟರು ಮಿತಿ ಮೀರಿ ಕರೆಂಟು ಎಳೆದರೆ ಅದು ಬಿಸಿಯಾಗಿ ಲೈನು ಕಡಿಯುತ್ತದೆ, ಮೋಟರು ಉಳಿಯುತ್ತದೆ. ಅದರ ಡಯಲನ್ನು ತಗಡಿನ ಮೇಲಿರುವ ಅಂಕಿಗೇ ಇಡಬೇಕು, ಒಂದು ಗೆರೆಯೂ ಮೇಲಕ್ಕೆ ಹೋಗಬಾರದು ಎನ್ನುವುದು ಅಪ್ಪನ ವೇದ. ಮೋಟರು ತಾನಾಗಿ ಸುಡುವುದಿಲ್ಲ, ಯಾರೋ ಒಬ್ಬರು ಸುಡುತ್ತಾರೆ ಎಂದು ಬಂದವರ ಮುಖಕ್ಕೇ ಹೇಳುತ್ತಿದ್ದ. ಎಷ್ಟೋ ಜನ ಮುಖ ಗಂಟಿಕ್ಕಿಕೊಂಡು ಹೋಗುತ್ತಿದ್ದರು, ಮತ್ತೆ ಸುಟ್ಟಾಗ ಇಲ್ಲಿಗೇ ಬರುತ್ತಿದ್ದರು.

ಗುಡೇಮಾರನಹಳ್ಳಿಯ ಪಕ್ಕದ ಸಣ್ಣ ಊರು ನಮ್ಮದು. ಹೆಂಚಿನ ಮನೆ. ಅಪ್ಪ ಮತ್ತು ಅವನ ಅಣ್ಣ ಸಿದ್ದೇಗೌಡ, ಅಂದರೆ ನನ್ನ ದೊಡ್ಡಪ್ಪ, ಒಂದೇ ಒಲೆಯ ಅನ್ನ ಉಣ್ಣುತ್ತಿದ್ದರು. ಜಮೀನು, ಹಿಪ್ಪುನೇರಳೆ ತೋಟ, ರೇಷ್ಮೆ ಹುಳ ದೊಡ್ಡಪ್ಪನ ಪಾಲಿನ ಕೆಲಸ. ಮೋಟರು ಕಟ್ಟುವುದು ಅಪ್ಪನ ಪಾಲಿನದು. ಪಡಸಾಲೆಯಲ್ಲಿ ಸುಟ್ಟ ಮೋಟರುಗಳು ಸಾಲಾಗಿ ಕೂತಿರುತ್ತಿದ್ದವು, ಒಳಕೋಣೆಯಲ್ಲಿ ಹುಳುವಿನ ತಟ್ಟೆಗಳು. ಈ ಎರಡು ಕಸುಬಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಸುತ್ತಿದ ತಂತಿಗೆ ವಾರ್ನಿಷ್ ಕುಡಿಸಬೇಕು, ಆದರೆ ಆ ವಾಸನೆ ಹುಳುವಿಗೆ ಆಗದು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆಯಿಂದ, ಎದ್ದು ಹಸಿದು ಮೇಯುವ ವಾರದಲ್ಲಂತೂ ವಾರ್ನಿಷ್ ಡಬ್ಬದ ಮುಚ್ಚಳ ತೆಗೆದರೆ ದೊಡ್ಡವ್ವ ಮನೆ ಎರಡು ಮಾಡುತ್ತಿದ್ದಳು. ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ನೋಡಿ, ಹಿತ್ತಲ ಹುಣಸೆಮರದಾಚೆಗೆ ಮೋಟರು ಉರುಳಿಸಿಕೊಂಡು ಹೋಗಿ ಅವ್ವ ವಾರ್ನಿಷ್ ಹಾಕಿ ಬರುತ್ತಿದ್ದಳು. ಬಂದ ಮೇಲೆ ಬಚ್ಚಲಲ್ಲಿ ಕೈಕಾಲು ತೊಳೆದು ಸೀರೆ ಬದಲಾಯಿಸದೆ ಅಡುಗೆಮನೆಗೆ ಪ್ರವೇಶವಿಲ್ಲ. ದೊಡ್ಡವ್ವ ಮುದ್ದೆ ತೊಳಸುವ ಕೋಲನ್ನು ಹಿಡಿದುಕೊಂಡೇ ಅವಳ ಸೆರಗು ಮೂಸಿ ನೋಡಿ ಒಳಗೆ ಬಿಡುತ್ತಿದ್ದಳು. ಇಬ್ಬರೂ ಜಗಳವಾಡುತ್ತಿದ್ದರು, ಇಬ್ಬರೂ ಒಂದೇ ತಟ್ಟೆಯಲ್ಲಿ ಅವರೆಕಾಳು ಹಿಸುಕುತ್ತಿದ್ದರು.

ಹೆಸರು ಅಪ್ಪನದಾದರೂ ತಂತಿ ಸುತ್ತುತ್ತಿದ್ದವಳು ಅವ್ವ. ಅವಳ ಹೆಸರು ಕೆಂಪಮ್ಮ, ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮದುವೆಯಾಗಿ ಬಂದ ವರ್ಷ ಅಪ್ಪನ ಕೈಗೆ ಪೆಟ್ಟಾಗಿದ್ದಾಗ ಸುಮ್ಮನೆ ನೆರವಿಗೆ ಕೂತವಳು ಎದ್ದೇ ಇರಲಿಲ್ಲ. ಮರದ ಅಚ್ಚಿಗೆ ತಾಮ್ರದ ತಂತಿ ಸುತ್ತುವಾಗ ಹತ್ತು ಸುತ್ತಿಗೊಂದು ಅವರೆಕಾಳನ್ನು ಬಲಗಡೆಯಿಂದ ಎಡಗಡೆಗೆ ಸರಿಸುತ್ತಿದ್ದಳು. ಆಗ ಮನೆಯಲ್ಲಿ ಯಾರೂ ಅವಳನ್ನು ಮಾತಾಡಿಸುವಂತಿಲ್ಲ. ಮಗಳಾದ ನಾನು ಬಿದ್ದು ಮೊಣಕಾಲು ತರಚಿಕೊಂಡು ಅತ್ತರೂ ಕೈಯೆತ್ತಿ ತಡಿ ಎಂದು ಸನ್ನೆ ಮಾಡಿ, ಕಾಳು ಸರಿಸಿದ ಮೇಲೆಯೇ ತಿರುಗುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು. ಮುಂದೆ ಐಟಿಐನಲ್ಲಿ ಮೂವತ್ತು ವರ್ಷ ಹುಡುಗರಿಗೆ ಇದೇ ಕೆಲಸ ಕಲಿಸಿದೆ. ಇಂಥ ಏಕಾಗ್ರತೆ ಇದ್ದ ಒಬ್ಬನೂ ನನ್ನ ಕೈಗೆ ಸಿಗಲಿಲ್ಲ. ಅಪ್ಪ ಹೊರಗಿನ ಕೆಲಸಗಾರ. ಬಾವಿಯ ಹತ್ತಿರ ಹೋಗಿ ಮೋಟರು ಕೂರಿಸಿ, ಸ್ಟಾರ್ಟರ್ ಜೋಡಿಸಿ, ನಾಲ್ಕು ಜನರ ಮುಂದೆ ಗುಂಡಿ ಒತ್ತಿ ನೀರು ಬರಿಸುವವನು. ಬೆನ್ನು ತಟ್ಟಿಸಿಕೊಂಡು ಬರುವವನೂ ಅವನೇ. ಅವ್ವ ಅದಕ್ಕೆ ಎಂದೂ ಮುಖ ಸಣ್ಣದು ಮಾಡಿದ್ದನ್ನು ನಾನು ಕಾಣೆ.

ದೊಡ್ಡಪ್ಪನ ಬಾವಿಗೆ ಹತ್ತು ಎಚ್‌ಪಿ ಮೋಟರು. ಗುಂಡಿ ಒತ್ತಿದರೆ ನೇರ ಕರೆಂಟು ನುಗ್ಗುವ ಹಳೆಯ ಸ್ಟಾರ್ಟರ್. ಅಷ್ಟು ದೊಡ್ಡ ಮೋಟರು ನಿಂತ ಜಾಗದಿಂದ ಏಳುವಾಗ, ಓಡುವಾಗಿನ ಆರು ಪಟ್ಟು ಕರೆಂಟು ಎಳೆಯುತ್ತದೆ. ಹಾಗಾಗಿ ದೊಡ್ಡಪ್ಪ ತೋಟಕ್ಕೆ ನೀರು ಬಿಟ್ಟ ಎನ್ನುವುದು ಇಡೀ ಊರಿಗೆ ಬಲ್ಬು ಮಂಕಾದಾಗಲೇ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಎಲ್ಲರ ಮೋಟರುಗಳೂ ಒಟ್ಟಿಗೇ ಓಡಿ ವೋಲ್ಟೇಜು ಬಿದ್ದುಹೋದರೆ ರಿಲೇ ಪದೇ ಪದೇ ಕಡಿಯುತ್ತಿತ್ತು. ಒಂದು ಸಲ ಹುಳುಗಳು ನಾಲ್ಕನೇ ಜ್ವರದಿಂದ ಎದ್ದಿದ್ದವು, ತೋಟದ ಸೊಪ್ಪು ಬಾಡುತ್ತಿತ್ತು, ರಿಲೇ ಕಾಲು ಗಂಟೆಗೊಮ್ಮೆ ಕಡಿಯುತ್ತಿತ್ತು. ದೊಡ್ಡಪ್ಪ ತಾಳ್ಮೆ ಕಳೆದುಕೊಂಡು ರಿಲೇಯನ್ನು ಡೈರೆಕ್ಟ್ ಮಾಡಿಬಿಟ್ಟ. ಡೈರೆಕ್ಟ್ ಮಾಡುವುದೆಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ವಿದ್ಯೆ: ರಿಲೇಯ ಎರಡು ತುದಿಗೆ ಒಂದು ಗೇಣು ತಂತಿ ಸುತ್ತಿದರೆ ಮುಗಿಯಿತು, ಅದು ಇದ್ದೂ ಇಲ್ಲದಂತೆ. ಮೋಟರು ಎರಡು ದಿನ ಓಡಿ ಮೂರನೆಯ ದಿನ ಹೊಗೆಯಾಡಿತು. ಅಪ್ಪ ಹೋಗಿ ಸ್ಟಾರ್ಟರ್ ಬಿಚ್ಚಿದರೆ ತಂತಿ ಅಲ್ಲೇ ಇತ್ತು. ದೊಡ್ಡಪ್ಪ ಅಡಗಿಸಲಿಲ್ಲ, ತಲೆ ಕೆರೆದುಕೊಂಡು ಒಪ್ಪಿಕೊಂಡ. ಇನ್ನು ಮೇಲೆ ಆ ಪೆಟ್ಟಿಗೆ ಮುಟ್ಟುವುದಿಲ್ಲ ಎಂದ.

ಅವ್ವ ಮೋಟರನ್ನು ಹೊಸದಾಗಿ ಸುತ್ತಿದಳು. ಈ ಸಲ ಅಪ್ಪ ಹಳೆಯ ಸ್ಟಾರ್ಟರನ್ನು ಕಿತ್ತುಹಾಕಿ ಸ್ಟಾರ್-ಡೆಲ್ಟಾ ಸ್ಟಾರ್ಟರ್ ತಂದ. ಮೋಟರಿನ ಒಳಗೆ ಮೂರು ಗುಂಪು ಸುರುಳಿ, ಅವಕ್ಕೆ ಆರು ತುದಿ. ಏಳುವಾಗ ಅವುಗಳನ್ನು ಒಂದು ಬಗೆಯಲ್ಲಿ ಜೋಡಿಸಿ ಕರೆಂಟನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದು, ವೇಗ ಹಿಡಿದ ಮೇಲೆ ಇನ್ನೊಂದು ಬಗೆಗೆ ಬದಲಿಸಿ ಪೂರಾ ಶಕ್ತಿ ಕೊಡುವುದು, ಇಷ್ಟೇ ಅದರ ಕೆಲಸ. ಅಪ್ಪ ಆ ವರ್ಷ ಅದನ್ನು ಹೊಸದಾಗಿ ಕಲಿತಿದ್ದ. ಹೊಸದಾಗಿ ಮೀಸೆ ಬಂದ ಹುಡುಗನ ಹಾಗೆ ಅದನ್ನು ಎಲ್ಲರಿಗೂ ತೋರಿಸಿಕೊಂಡು ತಿರುಗಿದ್ದ. ಮಾಗಡಿ ಕಡೆ ಹಿಟ್ಟಿನ ಮಿಲ್ಲುಗಳಿಗೆ, ಕುದೂರು ದಾರಿಯ ತೋಟಗಳಿಗೆ, ರಾಮನಗರದಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಒಂದು ಕಾರ್ಖಾನೆಗೆ, ಹೀಗೆ ಒಂಬತ್ತು ಕಡೆ ಆಗಲೇ ಕೂರಿಸಿದ್ದ. ದೊಡ್ಡಪ್ಪನದು ಹತ್ತನೆಯದು. ಗುಂಡಿ ಒತ್ತಿದಾಗ ಊರಿನ ಬಲ್ಬುಗಳು ಅಲುಗಲಿಲ್ಲ. ತಗಡಿನ ಮೇಲೆ ಹದಿನೈದು ಆಂಪಿಯರ್ ಇತ್ತು. ಅಪ್ಪ ರಿಲೇಯ ಡಯಲನ್ನು ಸರಿಯಾಗಿ ಹದಿನೈದಕ್ಕೆ ಇಟ್ಟು, ಅಣ್ಣನ ಕಡೆ ನೋಡಿ ಬೆರಳು ಆಡಿಸಿ ಬಂದ.

ಮುಂದಿನ ಬೆಳೆ ಬರುವಷ್ಟರಲ್ಲಿ ಆ ಮೋಟರು ಮತ್ತೆ ಸುಟ್ಟಿತು. ಅಪ್ಪ ಓಡಿದ. ಪೆಟ್ಟಿಗೆಯಲ್ಲಿ ಯಾವ ತಂತಿಯೂ ಇರಲಿಲ್ಲ. ಅಪ್ಪನಿಗೆ ಅದು ಇನ್ನೂ ಸಿಟ್ಟು ತರಿಸಿತು. ಕಟ್ಟಿದ್ದನ್ನು ಬಿಚ್ಚಿಟ್ಟು ಆಮೇಲೆ ಕರೆದಿದ್ದಾನೆ ಎಂದು ಅವನಿಗೆ ಖಾತ್ರಿಯಾಯಿತು. ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯ ಮುಂದೆ, ದೊಡ್ಡಪ್ಪನೂ ಸೇರಿ ಊರಿನ ಅರ್ಧ ಜನ ಕ್ಯಾನು ಹಿಡಿದು ನಿಂತಿದ್ದ ಕಡೆ ಅದನ್ನು ಆಡಿಯೇಬಿಟ್ಟ. ನಾನು ಹಾಲಿನ ಚೊಂಬು ಹಿಡಿದು ಅವನ ಪಕ್ಕದಲ್ಲೇ ಇದ್ದೆ. ದೊಡ್ಡಪ್ಪ ಮೊದಲು ನಕ್ಕ, ತಮ್ಮ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡ. ಆಮೇಲೆ ಮುಖ ಕಪ್ಪಿಟ್ಟಿತು. ಸಾವನದುರ್ಗದ ದೇವರ ಮೇಲೆ ಆಣೆ ಮಾಡಿ, ಮುಟ್ಟಿಲ್ಲ ಎಂದ.

“ಮೊದ್ಲ ಸಲ ಮಾಡ್ದೆ, ಮಾಡ್ದೆ ಅಂತ ಒಪ್ಕಂಡೆ. ಈ ಸಲ ಮುಟ್ಟಿಲ್ಲ ಅಂದ್ರೆ ಮುಟ್ಟಿಲ್ಲ ಕಣ್ಲಾ.”

“ಮತ್ತೆ ತಾನಾಗೇ ಸುಟ್ಕತಾ? ನಾನಿಟ್ಟ ರಿಲೇ ಸುಳ್ ಯೋಳಕಿಲ್ಲ ಕಣಣ್ಣ.”

ರಿಲೇ ಸುಳ್ಳು ಹೇಳದಿದ್ದರೆ ಹೇಳಿದ್ದು ಯಾರು ಎನ್ನುವುದು ಅಲ್ಲಿದ್ದವರಿಗೆಲ್ಲ ಅರ್ಥವಾಯಿತು. ಯಾರೋ ಕಿಸಕ್ಕೆಂದರು. ದೊಡ್ಡಪ್ಪ ಹಾಲು ಹಾಕದೆಯೇ ಕ್ಯಾನು ಎತ್ತಿಕೊಂಡು ಹೊರಟುಬಿಟ್ಟ. ಆ ವಾರವೇ ದೊಡ್ಡವ್ವ ಹಿತ್ತಲ ಕೊಟ್ಟಿಗೆಯ ಪಕ್ಕ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ದೊಡ್ಡಪ್ಪ ಅಲ್ಲೇ ಕೂತು ಉಣ್ಣುತ್ತಿದ್ದ. ಡೈರಿಗೆ ಹೋಗುವುದನ್ನು ಬಿಟ್ಟ, ಪಕ್ಕದ ಮನೆಯವರ ಕೈಲಿ ಹಾಲು ಕಳಿಸುತ್ತಿದ್ದ. ಊರ ಪಂಚಾಯಿತಿಯಲ್ಲಿ ಮಾತಿಗೆ ಬೆಲೆ ಇದ್ದ ಮನುಷ್ಯ. ಯಾರದಾದರೂ ಬದುವಿನ ವ್ಯಾಜ್ಯ ಬಂದರೆ ಸಿದ್ದೇಗೌಡ ಹೇಳಿದ ಮೇಲೆ ಮುಗಿಯಿತು ಎನ್ನುತ್ತಿದ್ದರು. ಈಗ ಜಗಲಿಯ ಮೇಲೆ ಒಬ್ಬನೇ ಕೂತು ಹಗ್ಗ ಹೊಸೆಯುತ್ತಿದ್ದ. ಮನೆ ಭಾಗವಾಗುತ್ತದೆ, ನಡುವೆ ಗೋಡೆ ಏಳುತ್ತದೆ ಎಂದು ಬಂದವರೆಲ್ಲ ಪಿಸುಗುಟ್ಟುತ್ತಿದ್ದರು. ನನಗೆ ಎರಡೂ ಒಲೆಯ ಸಾರು ಬೇಕಿತ್ತು. ಒಂದು ಕಡೆ ಉಪ್ಪುಸಾರು ಉಂಡು ಇನ್ನೊಂದು ಕಡೆ ಹೋಗಿ ನಿಂತರೆ, ದೊಡ್ಡವ್ವ ಮೊದಲಿನಂತೆ ಬೈಯದೆ ಸುಮ್ಮನೆ ಬಡಿಸುತ್ತಿದ್ದಳು. ಆ ಸುಮ್ಮನಿರುವುದೇ ನನಗೆ ಭಯ ಹುಟ್ಟಿಸುತ್ತಿತ್ತು.

ಸುಟ್ಟ ಮೋಟರು ಮತ್ತೆ ಅವ್ವನ ಮುಂದೆ ಬಂತು. ಕರಿ ಹಿಡಿದ ತಂತಿಯನ್ನು ಉಳಿಯಿಂದ ಕಡಿದು ಎಳೆಯುತ್ತಾ ಅವಳು ಒಂದೊಂದೇ ಸುರುಳಿಯನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟಳು. ಮೋಟರು ಹೇಗೆ ಸತ್ತಿತು ಎನ್ನುವುದನ್ನು ಅವಳು ಸುರುಳಿಯ ಬಣ್ಣ ನೋಡಿಯೇ ಹೇಳುತ್ತಿದ್ದಳು. ಬರುವ ಮೂರು ಲೈನಿನಲ್ಲಿ ಒಂದು ಫೇಸು ಹೋಗಿದ್ದರೆ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹೊಸದರ ಹಾಗೆ ಕೆಂಪು. ಇಲ್ಲಿ ಎಲ್ಲವೂ ಒಂದೇ ಸಮ ಕಪ್ಪಾಗಿದ್ದವು. ಅಂದರೆ ಬಹಳ ದಿನ ಒಸಿ ಒಸಿಯಾಗಿ ಬೆಂದಿದೆ, ರಿಲೇ ಕಡಿಯಬೇಕಿತ್ತು, ಕಡಿದಿಲ್ಲ. ಅಪ್ಪ ನೋಡು ನಾನು ಹೇಳಲಿಲ್ಲವೇ ಎಂದ. ಸ್ಟಾರ್ಟರಿನ ಪೆಟ್ಟಿಗೆಯನ್ನೂ ಅಪ್ಪ ಬಿಚ್ಚಿಕೊಂಡು ಬಂದಿದ್ದ. ಅವಳು ಅದನ್ನು ಮಡಿಲಿಗೆ ಎಳೆದುಕೊಂಡು ಒಂದೊಂದು ತಂತಿಯನ್ನೂ ಬೆರಳಲ್ಲಿ ಹಿಡಿದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಿದಳು. ಹುಳುವಿಗೆ ಸೊಪ್ಪು ಹಾಕುವ ಹೊತ್ತಾದರೂ ಏಳಲಿಲ್ಲ. ಕೊನೆಗೆ ರಿಲೇಯ ಮೇಲೆ ಬೆರಳಿಟ್ಟು, ಇದು ಇರುವುದು ಕವಲಿನ ಈಚೆಗೆ ಎಂದಳು.

ಅವಳು ಹೇಳಿದ್ದು ಇಷ್ಟು. ಕಾಲುವೆಯ ನೀರು ಕವಲೊಡೆದು ಎರಡು ಗದ್ದೆಗೆ ಹಂಚಿಹೋಗುವ ಹಾಗೆ, ಹೊಸ ಸ್ಟಾರ್ಟರಿನಲ್ಲಿ ಹೊರಗಿನಿಂದ ಬಂದ ಒಂದೊಂದು ತಂತಿಯ ಕರೆಂಟೂ ಎರಡೆರಡು ಸುರುಳಿಗೆ ಹಂಚಿಹೋಗುತ್ತದೆ. ತಗಡಿನ ಮೇಲಿರುವ ಹದಿನೈದು ಕವಲಿಗೆ ಮೊದಲಿನ ಲೆಕ್ಕ. ಹಳೆಯ ಸ್ಟಾರ್ಟರಿನಲ್ಲಿ ರಿಲೇ ಕವಲಿಗೆ ಮೊದಲೇ ಕೂತಿತ್ತು, ಅಲ್ಲಿ ಹದಿನೈದು ಸರಿ. ಇದರಲ್ಲಿ ರಿಲೇ ಕವಲಾದ ಮೇಲೆ ಕೂತಿದೆ, ಅದಕ್ಕೆ ಕಾಣುವುದು ಒಂದು ಪಾಲು ಮಾತ್ರ, ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ವೋಲ್ಟೇಜು ಬಿದ್ದು ಒಳಗೆ ಸುರುಳಿ ಬೇಯುವಷ್ಟು ಕರೆಂಟು ಬಂದರೂ ಅದು ಹದಿನೈದನ್ನು ಮುಟ್ಟುವುದೇ ಇಲ್ಲ, ರಿಲೇ ತೆಪ್ಪಗೆ ಕೂತಿರುತ್ತದೆ. ಅಪ್ಪ ರೇಗಿದ. ಇಷ್ಟು ವರ್ಷ ಈ ಕೆಲಸ ಮಾಡಿದವನಿಗೆ ಹೇಳಿಕೊಡಲು ಬಂದೆಯಾ ಎಂದ. ಅವ್ವ ಅಚ್ಚಿಗೆ ತಂತಿ ಸಿಕ್ಕಿಸಿ ಎಣಿಸಲು ಶುರು ಮಾಡಿದಳು. ಎಣಿಸುತ್ತಿರುವಾಗ ಯಾರೂ ಮಾತಾಡುವಂತಿರಲಿಲ್ಲವಲ್ಲ, ಅಪ್ಪ ಬೈಯುತ್ತಾ ಬೈಯುತ್ತಾ ಹೊರಗೆ ಹೋದ.

ಮೋಟರು ಮತ್ತೆ ಬಾವಿಗೆ ಹೋಯಿತು. ದೊಡ್ಡಪ್ಪ ಅತ್ತ ಸುಳಿಯಲಿಲ್ಲ, ಅಪ್ಪನ ಜೊತೆಗಿದ್ದವಳು ನಾನೊಬ್ಬಳೇ. ನೀರು ಬಂದ ಮೇಲೆ ಅಪ್ಪ ಟಾಂಗ್ ಟೆಸ್ಟರ್ ತೆಗೆದ. ಇಕ್ಕಳದಂಥ ಬಾಯಿ ಇರುವ ಮೀಟರು ಅದು, ತಂತಿಯನ್ನು ಕಚ್ಚಿಸಿದರೆ ಕರೆಂಟು ಎಷ್ಟೆಂದು ಮುಳ್ಳು ತೋರಿಸುತ್ತದೆ. ಕಂಬದಿಂದ ಬಂದ ತಂತಿಗೆ ಕಚ್ಚಿಸಿದ, ಹದಿನೈದಕ್ಕೆ ಒಂದು ಕೂದಲು ಕಡಿಮೆ. ಸದಾ ಅಷ್ಟಕ್ಕೇ ನಿಲ್ಲಿಸುತ್ತಿದ್ದವನು ಅಂದು ರಿಲೇಯಿಂದ ಕೆಳಗೆ ಇಳಿದ ತಂತಿಗೆ ಕಚ್ಚಿಸಿದ. ಮುಳ್ಳು ಒಂಬತ್ತನ್ನೂ ಮುಟ್ಟಲಿಲ್ಲ. ಮತ್ತೆ ಕಚ್ಚಿಸಿದ. ಮೂರು ತಂತಿಗೂ ಕಚ್ಚಿಸಿದ. ಆಮೇಲೆ ಮೋಟರು ನಿಲ್ಲಿಸಿ, ಡಯಲನ್ನು ಒಂಬತ್ತರ ಈಚೆಗೆ ತಿರುಗಿಸಿ, ಪೆಟ್ಟಿಗೆ ಮುಚ್ಚಿದ. ಮನೆಯ ಹತ್ತಿರ ಬಂದಾಗ, ಇದನ್ನು ಯಾರಿಗೂ ಹೇಳಬೇಡ ಮಗಾ ಎಂದ. ಅಪ್ಪನ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ನನಗೆ ಅವನನ್ನು ನೋಡಲು ನಾಚಿಕೆಯಾಯಿತು.

ನಾನು ಹೇಳಬೇಕಾದ ಅಗತ್ಯ ಬೀಳಲಿಲ್ಲ. ಸಂಜೆ ಮುದ್ದೆ ಇಕ್ಕುವಾಗ ಅವ್ವ ಅವನ ಮುಖ ನೋಡಿಯೇ ತಿಳಿದುಕೊಂಡಳು. ಎಷ್ಟು ತೋರಿಸಿತು ಎಂದು ಕೇಳಿದಳು. ಅಪ್ಪ ಒಂಬತ್ತು ಎಂದ. ಸರಿ ಮಾಡಿ ಬಂದಿದ್ದೇನಲ್ಲ, ಇನ್ನು ಸುಡುವುದಿಲ್ಲ, ಬಿಡು ಎಂದ. ಅವ್ವ ಸಾರಿನ ಸೌಟನ್ನು ಪಾತ್ರೆಯಲ್ಲೇ ಬಿಟ್ಟಳು.

“ಡಯಲ್ಲು ತಿರುಗ್ಸುದ್ರೆ ಮೋಟ್ರು ಉಳ್ಕತದೆ. ನಿಮ್ಮಣ್ಣನ ಮಾತು ಉಳ್ಕತದಾ?”

ಅವ್ವ ಗಂಟಲು ಏರಿಸದೆಯೇ ಇನ್ನೂ ಒಂದು ಮಾತು ಹೇಳಿದಳು.

“ಡೈರಿ ಮುಂದೆ ಅಂದಿದ್ದು. ಡೈರಿ ಮುಂದೇನೇ ವಾಪಸ್ ತಗಳಿ. ಇನ್ನೊಂಬತ್ತು ಮೋಟ್ರು ಬೇರೆ ಅವೆ.”

ಆ ಒಂಬತ್ತರ ಮಾತು ಅಪ್ಪನಿಗೆ ಹೊಳೆದೇ ಇರಲಿಲ್ಲ, ಅಥವಾ ಹೊಳೆದು ಮರೆಯಲು ನೋಡುತ್ತಿದ್ದನೋ. ನಾಲ್ಕೂರಿನಲ್ಲಿ ಇವನು ಇಟ್ಟ ರಿಲೇ ಎಂದರೆ ಕಣ್ಣು ಮುಚ್ಚಿ ನಂಬುತ್ತಿದ್ದ ಜನ. ಅವರ ಮನೆ ಬಾಗಿಲಿಗೆ ಹೋಗಿ ನಾನಿಟ್ಟದ್ದು ತಪ್ಪು ಎಂದರೆ, ಆಮೇಲೆ ಯಾರು ಮೋಟರು ತರುತ್ತಾರೆ? ಅವ್ವ ಇನ್ನೊಂದು ಮುದ್ದೆಯನ್ನು ಅವನ ತಟ್ಟೆಗೆ ಇಟ್ಟಳು.

ಬೆಳಿಗ್ಗೆ ಅಪ್ಪ ಜಗಲಿಯ ಮೇಲಿದ್ದ ದೊಡ್ಡಪ್ಪನ ಮುಂದೆ ಹೋಗಿ ನಿಂತು, ಒಸಿ ಡೈರಿ ತಾವ ಬಾ ಎಂದು ಕರೆದ. ದೊಡ್ಡಪ್ಪ ಬರುವುದಿಲ್ಲ ಎಂದ. ಅಪ್ಪ ಅಲ್ಲೇ ನಿಂತಿದ್ದ. ಐದು ನಿಮಿಷವಾದ ಮೇಲೆ ದೊಡ್ಡಪ್ಪ ಬೈದುಕೊಳ್ಳುತ್ತಲೇ ಟವೆಲ್ಲು ಹೆಗಲಿಗೆ ಹಾಕಿ ಎದ್ದ. ಡೈರಿಯ ಮುಂದೆ ಅಂದು ಇದ್ದವರೇ ಹೆಚ್ಚುಕಡಿಮೆ ಇದ್ದರು. ಅಪ್ಪ ಪೀಠಿಕೆ ಹಾಕಲಿಲ್ಲ. ಮೋಟರು ಸುಟ್ಟಿದ್ದು ನನ್ನಿಂದ, ಅಣ್ಣ ಮುಟ್ಟಿರಲಿಲ್ಲ, ಇದೇ ಜಾಗದಲ್ಲಿ ಅವನನ್ನು ಸುಳ್ಳುಗಾರ ಮಾಡಿದ್ದೆ, ಸುಳ್ಳಾಗಿದ್ದು ನಾನು ಎಂದ. ಕೈ ಮುಗಿಯಲು ಹೋದಾಗ ದೊಡ್ಡಪ್ಪ ಆ ಕೈ ಹಿಡಿದುಕೊಂಡು ಕೆಳಗೆ ಇಳಿಸಿದ. ಯಾರೂ ಕಿಸಕ್ಕೆನ್ನಲಿಲ್ಲ. ಅಪ್ಪನ ಬೆನ್ನು ಬೆವರಿನಿಂದ ತೊಯ್ದಿತ್ತು. ಬೇರೆಯವರ ತಪ್ಪನ್ನು ಅಷ್ಟು ಸಲೀಸಾಗಿ ಎತ್ತಿ ತೋರಿಸುತ್ತಿದ್ದವನಿಗೆ ತನ್ನದನ್ನು ಹೇಳುವುದು ಎಷ್ಟು ಕಷ್ಟವಾಯಿತೆಂದು ನಾನು ಕಣ್ಣಾರೆ ಕಂಡೆ. ಆದರೂ ಹೇಳಿದ. ಅವನ ಮೇಲಿನ ನನ್ನ ಗೌರವ ಅಂದಿನಿಂದ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಉಳಿದ ಒಂಬತ್ತು ಕಡೆಗೆ ಹೊರಟಾಗ ದೊಡ್ಡಪ್ಪ ತಾನಾಗಿಯೇ ಜೊತೆಗೆ ಬಂದ. ನನಗೆ ಬೇಸಿಗೆ ರಜೆ, ನಾನೂ ಅಂಟಿಕೊಂಡೆ. ಪ್ರತಿ ಬಾಗಿಲಲ್ಲೂ ಅಪ್ಪನ ಕಾಲು ಹೊಸ್ತಿಲಾಚೆಗೇ ನಿಲ್ಲುತ್ತಿತ್ತು. ದೊಡ್ಡಪ್ಪ ಮುಂದೆ ಹೋಗಿ, ನಮ್ ಹುಡ್ಗ ಒಂದ್ ತಪ್ ಮಾಡವ್ನೆ, ಅದ್ನ ಯೋಳಕ್ಕೆ ಬಂದವ್ನೆ, ಒಸಿ ಕೇಳಿ ಎಂದು ಮಾತು ತೆಗೆಯುತ್ತಿದ್ದ. ಅಪ್ಪನಿಗೆ ಆಗ ನಲವತ್ತು ದಾಟಿತ್ತು. ಕೆಲವರು ನೀರು ಕೊಟ್ಟು ಕೂರಿಸಿದರು. ಹಿಟ್ಟಿನ ಮಿಲ್ಲಿನ ಒಬ್ಬಾತ ಮಾತ್ರ ಇನ್ನು ಈ ಕಡೆ ಬರಬೇಡಿ ಎಂದ, ಅಪ್ಪ ಡಯಲು ಸರಿಮಾಡಿಯೇ ಬಂದ. ಕೊನೆಯದು ರಾಮನಗರದ ಹುರಿ ಕಾರ್ಖಾನೆ. ಅದರ ಯಜಮಾನರು ವಯಸ್ಸಾದ ಸಾಹೇಬರು, ಗೂಡಿನ ಮಾರುಕಟ್ಟೆಯಲ್ಲಿ ದೊಡ್ಡಪ್ಪನನ್ನು ನೋಡಿ ಬಲ್ಲವರು. ಚಹಾ ತರಿಸಿ ಎಲ್ಲವನ್ನೂ ಸಮಾಧಾನದಿಂದ ಕೇಳಿದರು. ಆಮೇಲೆ ಕನ್ನಡಕ ತೆಗೆದು ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು.

“ಗೌಡ್ರೇ, ಅವತ್ತೂ ಇವರೇ ಸರಿ ಅಂದ್ರು. ಇವತ್ತೂ ಇವರೇ ಸರಿ ಅಂತಾರೆ. ನಾನು ಯಾವುದು ನಂಬ್ಲಿ?”

ಅಪ್ಪ ಚೀಲದಿಂದ ಮೀಟರು ತೆಗೆಯಲು ಬಗ್ಗಿದ. ಅಷ್ಟರಲ್ಲಿ ದೊಡ್ಡಪ್ಪ ಚಹಾದ ಲೋಟ ಕೆಳಗಿಟ್ಟ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿಯ ಹೆಸರನ್ನು ಭಾವನಾದವನು ಬಾಯಲ್ಲಿ ತರುತ್ತಿರಲಿಲ್ಲ. ನಾನು ಹುಟ್ಟಿದ ಮೇಲೆ ಅವ್ವ ದೊಡ್ಡಪ್ಪನ ಮಟ್ಟಿಗೆ ಪುಟ್ಟಿಯ ಅವ್ವ, ಅದಕ್ಕೆ ಮೊದಲು ಬರೀ ಒಳಗಿನವರು.

“ಇವನ್ನ ನಂಬ್ಬೇಡಿ ಬುಡಿ ಸಾಹೇಬ್ರೆ,” ಎಂದ ದೊಡ್ಡಪ್ಪ. “ಇದ್ನ ಕಂಡುಹಿಡ್ದೋಳು ನಮ್ಮನೆ ಕೆಂಪಮ್ಮ. ಅವಳು ಎಣಿಸಿದ್ದು ಇವತ್ತಿನವರ್ಗೂ ತಪ್ಪಿಲ್ಲ.”

ಸಾಹೇಬರು ಕನ್ನಡಕ ಹಾಕಿಕೊಂಡು, ಒಳಗಿನ ಕೆಲಸದವರಿಗೆ ಮೋಟರು ನಿಲ್ಲಿಸಲು ಹೇಳಿದರು.